ಸ್ವಂತ ಗಾಡಿ, ಕಂಪನಿ ಕೆಲಸ: ಕಿಲೋಮೀಟರ್ ದುಡ್ಡು ಪೂರ್ತಿ ಕೈಗೆ ಬರಬೇಕಾದರೆ

ಮೆಡಿಕಲ್ ರೆಪ್‌ಗಳು, ಅಂಗಡಿ ಅಂಗಡಿ ತಿರುಗಿ ಆರ್ಡರ್ ತೆಗೆಯುವ ಸೇಲ್ಸ್‌ನವರು, ಸಾಲದ ಕಂತು ವಸೂಲಿಗೆ ಹಳ್ಳಿ ಸುತ್ತುವವರು, ಎಸಿ, ಯುಪಿಎಸ್ ರಿಪೇರಿಗೆ ಹೋಗುವ ಸರ್ವಿಸ್ ಎಂಜಿನಿಯರ್‌ಗಳು. ಇವರೆಲ್ಲರ ಕೆಲಸ ಬೇರೆ ಬೇರೆ. ಆದರೆ ಗಾಡಿ ಮಾತ್ರ ಎಲ್ಲರದ್ದೂ ಸ್ವಂತದ್ದು. ಓಡುವುದು ಕಂಪನಿಗಾಗಿ, ಸವೆಯುವುದು ನಮ್ಮ ಟೈರ್. ಅದಕ್ಕೆ ಕಂಪನಿ ಕಿಲೋಮೀಟರಿಗೆ ಇಷ್ಟು ಅಂತ ಕೊಡುತ್ತದೆ. ಇದನ್ನು ಒಬ್ಬರು ಟಿಎ (ಪ್ರಯಾಣ ಭತ್ಯೆ) ಅನ್ನುತ್ತಾರೆ, ಇನ್ನೊಬ್ಬರು ಪೆಟ್ರೋಲ್ ಅಲೊವೆನ್ಸ್ ಅನ್ನುತ್ತಾರೆ, ಮತ್ತೊಂದು ಕಡೆ ಕನ್ವೇಯನ್ಸ್.

ಇಂಥ ಬಿಲ್‌ಗಳನ್ನು ಪರಿಶೀಲಿಸಿ ಪಾಸ್ ಮಾಡುವ ಕೆಲಸವನ್ನು ನಾನು ಅಕೌಂಟ್ಸ್‌ನಲ್ಲಿ ಬಹಳ ಕಾಲ ಮಾಡಿದ್ದೇನೆ. ಹೆಚ್ಚಿನವರು ದುಡ್ಡು ಕಳೆದುಕೊಳ್ಳುವುದು ಎರಡೇ ಕಡೆ. ಒಂದು, ಆ ರೇಟು ಪೆಟ್ರೋಲಿಗೆ ಮಾತ್ರ ಅಂತ ಅಂದುಕೊಂಡು ಸುಮ್ನೆ ಒಪ್ಪಿಕೊಳ್ಳುವುದು. ಎರಡು, ದಿನದ ಓಡಾಟವನ್ನು ಅಂದೇ ಬರೆದಿಡದೆ ತಿಂಗಳ ಕೊನೆಗೆ ನೆನಪಿನಿಂದ ತುಂಬುವುದು. ಈ ಲೇಖನ ಮುಖ್ಯವಾಗಿ ಈ ಎರಡನ್ನು ಸರಿಪಡಿಸುವುದಕ್ಕೆ.

ಮೊದಲ ಹೆಜ್ಜೆ: ನಿಮ್ಮ ಕಂಪನಿಯ ಪದ್ಧತಿ ಯಾವುದು ಅಂತ ತಿಳಿದುಕೊಳ್ಳಿ

ನಮ್ಮಲ್ಲಿ ಸಾಮಾನ್ಯವಾಗಿ ಮೂರು ಪದ್ಧತಿ ನಡೆಯುತ್ತವೆ.

ಒಂದು, ತಿಂಗಳಿಗೆ ಇಂತಿಷ್ಟು ಅಂತ ನಿಗದಿ ಮೊತ್ತ. ನೀವು 300 ಕಿಲೋಮೀಟರ್ ಓಡಿಸಿದರೂ ಅಷ್ಟೇ, 2,000 ಓಡಿಸಿದರೂ ಅಷ್ಟೇ. ಊರೊಳಗೇ ಕೆಲಸ ಇರುವವರಿಗೆ ಇದು ಪರವಾಗಿಲ್ಲ. ತಾಲ್ಲೂಕು ತಾಲ್ಲೂಕು ಸುತ್ತುವವರಿಗೆ ಕೈ ಕಚ್ಚುತ್ತದೆ.

ಎರಡು, ಪೆಟ್ರೋಲ್ ಬಿಲ್ ಕೊಟ್ಟಷ್ಟಕ್ಕೆ ದುಡ್ಡು. ನೋಡಲು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಇಲ್ಲಿ ಸರ್ವಿಸ್, ಟೈರ್, ಇನ್ಶೂರೆನ್ಸ್ ಯಾವುದಕ್ಕೂ ಒಂದು ಪೈಸೆ ಸಿಗುವುದಿಲ್ಲ. ಮನೆ ಕೆಲಸಕ್ಕೆ ಓಡಿಸಿದ್ದು ಯಾವುದು, ಕಂಪನಿಗೆ ಓಡಿಸಿದ್ದು ಯಾವುದು ಅನ್ನುವ ತಕರಾರೂ ಸದಾ ಇರುತ್ತದೆ.

ಮೂರು, ಕಿಲೋಮೀಟರಿಗೆ ಇಷ್ಟು ರೂಪಾಯಿ. ನನ್ನ ಪ್ರಕಾರ ಹೆಚ್ಚು ಓಡಾಡುವವರಿಗೆ ಇದೇ ಸರಿಯಾದ ಪದ್ಧತಿ. ಓಡಿದಷ್ಟಕ್ಕೆ ಕಾಸು. ಔಷಧ ಕಂಪನಿಗಳಲ್ಲಿ ಇದಕ್ಕೆ ಸ್ಟ್ಯಾಂಡರ್ಡ್ ಫೇರ್ ಚಾರ್ಟ್, ಅಂದರೆ ಎಸ್‌ಎಫ್‌ಸಿ ಅನ್ನುವ ಪಟ್ಟಿ ಇರುತ್ತದೆ. ಯಾವ ಊರಿನಿಂದ ಯಾವ ಊರಿಗೆ ಎಷ್ಟು ದೂರ ಅಂತ ಮೊದಲೇ ಬರೆದಿಟ್ಟಿರುತ್ತಾರೆ. ಆ ಪಟ್ಟಿಯಲ್ಲಿ ಇದ್ದಷ್ಟೇ ಸಿಗುವುದು.

ಕೆಲಸಕ್ಕೆ ಸೇರುವಾಗಲೇ ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಇಷ್ಟು ಕೇಳಿಬಿಡಿ. ಬೈಕಿಗೆ ಎಷ್ಟು, ಕಾರಿಗೆ ಎಷ್ಟು? ದೂರವನ್ನು ಎಲ್ಲಿಂದ ಲೆಕ್ಕ ಹಾಕುತ್ತೀರಿ, ಮನೆಯಿಂದಲೋ ಆಫೀಸಿನಿಂದಲೋ? ದಿನಕ್ಕೆ ಅಥವಾ ತಿಂಗಳಿಗೆ ಮಿತಿ ಇದೆಯಾ? ಬಿಲ್ ಕೊಡಲು ಕೊನೇ ದಿನ ಯಾವುದು? ಪೆಟ್ರೋಲ್ ರೇಟ್ ಏರಿದರೆ ಈ ರೇಟೂ ಏರುತ್ತಾ? ಗಾಡಿಯ ಆರ್‌ಸಿ ನನ್ನ ಹೆಸರಲ್ಲೇ ಇರಬೇಕಾ? ಬಾಯಿಮಾತಿನ ಉತ್ತರ ಸಾಲದು. ಏರಿಯಾ ಮ್ಯಾನೇಜರ್ ಬದಲಾದ ಮರುದಿನವೇ ಬಾಯಿಮಾತಿಗೆ ಬೆಲೆ ಇರುವುದಿಲ್ಲ.

ಇನ್ನೊಂದು ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ಈ ದುಡ್ಡು ಸಿಟಿಸಿ, ಅಂದರೆ ನಿಮಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚಿನ ಲೆಕ್ಕದ ಒಳಗಿದೆಯೋ, ಹೊರಗಿದೆಯೋ? ಆಫರ್ ಲೆಟರ್‌ನಲ್ಲಿ ವರ್ಷಕ್ಕೆ 3 ಲಕ್ಷ ಅಂತ ಬರೆದು, ಅದರೊಳಗೇ 36,000 ಕನ್ವೇಯನ್ಸ್ ಸೇರಿಸಿದ್ದರೆ ನಿಜವಾದ ಸಂಬಳ 2 ಲಕ್ಷ 64 ಸಾವಿರವೇ. ಉಳಿದದ್ದು ನೀವು ಕಂಪನಿಗಾಗಿ ರಸ್ತೆ ಮೇಲೆ ಸುರಿಯುವ ದುಡ್ಡು. ಎರಡು ಕಂಪನಿಗಳ ಆಫರ್ ಹೋಲಿಸುವಾಗ ಇದನ್ನು ಕಳೆದೇ ನೋಡಬೇಕು.

ಎರಡನೇ ಹೆಜ್ಜೆ: ಕೊಡುವ ರೇಟು ಸಾಕಾ ಅಂತ ಲೆಕ್ಕ ಹಾಕಿ

ಇಲ್ಲಿ ಸ್ವಲ್ಪ ನಿಧಾನವಾಗಿ ಕೂತು ನೋಡೋಣ. ಪೆನ್ನು, ಪೇಪರ್ ತೆಗೆದುಕೊಳ್ಳಿ. ನಾನು ಒಂದು ಸಾಧಾರಣ 110 ಸಿಸಿ ಬೈಕಿನ ಅಂದಾಜು ಅಂಕಿಗಳನ್ನು ಹಾಕುತ್ತೇನೆ. ನಿಮ್ಮ ಗಾಡಿಯ ಅಂಕಿಗಳನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಿ.

ಪೆಟ್ರೋಲ್ ಲೀಟರಿಗೆ 100 ರೂಪಾಯಿ ಅಂದುಕೊಳ್ಳೋಣ. ಲೆಕ್ಕ ಸುಲಭ. ನಿಂತು ನಿಂತು ಹೋಗುವ ಕೆಲಸದಲ್ಲಿ ಬೈಕ್ 45 ಕೊಡುತ್ತದೆ ಅಂದರೆ ಕಿಲೋಮೀಟರಿಗೆ 2 ರೂಪಾಯಿ 22 ಪೈಸೆ. ಕಂಪನಿ 3 ರೂಪಾಯಿ ಕೊಡುತ್ತಿದ್ದರೆ ಇಲ್ಲಿಗೇ ಲೆಕ್ಕ ನಿಲ್ಲಿಸಿ, 78 ಪೈಸೆ ಉಳಿಯಿತು ಅಂತ ಖುಷಿಪಡುವವರೇ ಜಾಸ್ತಿ. ಮುಂದಕ್ಕೆ ಹೋಗಬೇಕು.

ಪ್ರತಿ 3,000 ಕಿಲೋಮೀಟರಿಗೆ ಆಯಿಲ್ ಬದಲಿಸಿ ಸರ್ವಿಸ್ ಮಾಡಿಸಲು 1,200 ರೂಪಾಯಿ ಆದರೆ, ಕಿಲೋಮೀಟರಿಗೆ 40 ಪೈಸೆ. ಎರಡು ಟೈರ್ ಸೇರಿ 4,500, ಅವು 25,000 ಕಿಲೋಮೀಟರ್ ಬಾಳಿದರೆ 18 ಪೈಸೆ. ಚೈನ್ ಸೆಟ್ 1,600, ಅದು 20,000 ಬಾಳಿದರೆ 8 ಪೈಸೆ. ಬ್ರೇಕ್ ಶೂ, ಕೇಬಲ್, ಬ್ಯಾಟರಿ, ಪಂಕ್ಚರ್ ಎಲ್ಲ ಸೇರಿ ಒಂದು 10 ಪೈಸೆ ಇಡಿ. ಇನ್ಶೂರೆನ್ಸ್ ವರ್ಷಕ್ಕೆ 2,000, ವರ್ಷದ ಓಟ 15,000 ಅಂದರೆ 13 ಪೈಸೆ.

ಈಗ ಎಲ್ಲರೂ ಮರೆಯುವ ದೊಡ್ಡ ಖರ್ಚು. ಗಾಡಿಯ ಬೆಲೆಯೇ ಇಳಿಯುತ್ತದಲ್ವಾ? ಆನ್ ರೋಡ್ 1 ಲಕ್ಷ ಕೊಟ್ಟು ತಂದ ಬೈಕು 75,000 ಕಿಲೋಮೀಟರ್ ಓಡಿದ ಮೇಲೆ 35,000ಕ್ಕೆ ಹೋಗುತ್ತದೆ ಅಂದುಕೊಳ್ಳಿ. 65,000 ರೂಪಾಯಿ ರಸ್ತೆಯಲ್ಲೇ ಕರಗಿತು. ಕಿಲೋಮೀಟರಿಗೆ 87 ಪೈಸೆ.

ಎಲ್ಲ ಕೂಡಿಸಿದರೆ 3 ರೂಪಾಯಿ 98 ಪೈಸೆ. ಸರಿಸುಮಾರು 4 ರೂಪಾಯಿ. ಕಂಪನಿ 3 ರೂಪಾಯಿ ಕೊಟ್ಟರೆ, ತಿಂಗಳಿಗೆ 1,500 ಕಿಲೋಮೀಟರ್ ಓಡಿಸುವವರು ತಮ್ಮ ಸಂಬಳದಿಂದ ಹತ್ತಿರ ಹತ್ತಿರ 1,500 ರೂಪಾಯಿಯನ್ನು ಕಂಪನಿಗೆ ವಾಪಸ್ ಕೊಟ್ಟಂತೆ. ಇದು ಯಾವತ್ತೂ ಒಂದೇ ಸಲ ಕೈಯಿಂದ ಹೋಗುವುದಿಲ್ಲ. ಹಾಗಾಗಿ ಗೊತ್ತೇ ಆಗುವುದಿಲ್ಲ. ಮೂರನೇ ವರ್ಷ ಎಂಜಿನ್ ಕೆಲಸ ಬಂದಾಗ, ಟೈರು ಬದಲಿಸುವಾಗ, ಹಳೇ ಬೈಕು ಮಾರಲು ಹೋದಾಗ ಒಟ್ಟಿಗೆ ಗೊತ್ತಾಗುತ್ತದೆ.

ಕಿಲೋಮೀಟರ್ ದುಡ್ಡು ಅಂದರೆ ನಮ್ಮ ಗಾಡಿಗೆ ಕಂಪನಿ ಕೊಡುವ ಬಾಡಿಗೆ ಅಂತ ತಿಳಿಯಿರಿ. ಮನೆ ಬಾಡಿಗೆ ಕೊಡುವಾಗ ಕರೆಂಟ್ ಬಿಲ್ ಮಾತ್ರ ಕೊಡುತ್ತೇನೆ ಅಂದರೆ ಯಾವ ಓನರ್ ಒಪ್ಪುತ್ತಾರೆ?

ಅಮೆರಿಕದಲ್ಲಿ ಈ ವಿಷಯ ಇನ್ನೂ ಸ್ಪಷ್ಟವಾಗಿದೆ. ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್, ಕೆಲಸಕ್ಕೆ ಓಡಿಸಿದ ಕಾರಿಗೆ ಮೈಲಿಗೆ ಇಷ್ಟು ಅಂತ ಪ್ರತಿ ವರ್ಷ ಒಂದು ದರ ಪ್ರಕಟಿಸುತ್ತದೆ. 2025ಕ್ಕೆ ಅದು 70 ಸೆಂಟ್ ಇತ್ತು. ಆ ದರದಲ್ಲಿ ಪೆಟ್ರೋಲ್ ಮಾತ್ರ ಅಲ್ಲ, ರಿಪೇರಿ, ಇನ್ಶೂರೆನ್ಸ್, ಗಾಡಿಯ ಸವಕಳಿ ಎಲ್ಲವೂ ಸೇರಿದೆ. ಟೋಲ್, ಪಾರ್ಕಿಂಗ್ ಬೇರೆ. ಅಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ಒಂದು ಮಾತು. ಈ ದರವನ್ನು ಕೊಡಲೇಬೇಕು ಅಂತ ಇಡೀ ದೇಶಕ್ಕೆ ಅನ್ವಯಿಸುವ ಕಾನೂನಿಲ್ಲ. ಆದರೆ ಕ್ಯಾಲಿಫೋರ್ನಿಯಾದಲ್ಲಿದ್ದರೆ ಅಲ್ಲಿನ ಲೇಬರ್ ಕೋಡ್‌ನ 2802ನೇ ಸೆಕ್ಷನ್ ಪ್ರಕಾರ ಕೆಲಸಕ್ಕಾಗಿ ಆದ ಅಗತ್ಯ ಖರ್ಚನ್ನು ಮಾಲೀಕರು ತುಂಬಿಕೊಡಲೇಬೇಕು.

ನಮ್ಮಲ್ಲಿ ಖಾಸಗಿ ಕಂಪನಿಗಳಿಗೆ ಅಂಥ ಒಂದು ದರ ಇಲ್ಲ. ಪ್ರತಿ ಕಂಪನಿಯೂ ತನ್ನದೇ ಲೆಕ್ಕ. ಹೋಲಿಕೆಗೆ ಬೇಕಾದರೆ ಕೇಂದ್ರ ಸರ್ಕಾರಿ ನೌಕರರ ನಿಯಮ ನೋಡಬಹುದು. ಏಳನೇ ವೇತನ ಆಯೋಗದ ನಂತರ 2017ರ ಜುಲೈನಲ್ಲಿ ಬಂದ ಆದೇಶದಲ್ಲಿ, ಸಾರಿಗೆ ಇಲಾಖೆ ದರ ಗೊತ್ತು ಮಾಡದ ಜಾಗಗಳಲ್ಲಿ ಸ್ವಂತ ಕಾರಿಗೆ ಕಿಲೋಮೀಟರಿಗೆ 24 ರೂಪಾಯಿ, ಸ್ವಂತ ಸ್ಕೂಟರಿಗೆ 12 ರೂಪಾಯಿ ಅಂತ ಇತ್ತು. ತುಟ್ಟಿಭತ್ಯೆ ಶೇಕಡಾ 50 ಏರಿದಾಗಲೆಲ್ಲ ಈ ದರ ಶೇಕಡಾ 25 ಏರಬೇಕು ಅಂತಲೂ ಅದರಲ್ಲೇ ಬರೆದಿತ್ತು. ಇದು ಖಾಸಗಿ ಕಂಪನಿಯನ್ನು ಕಟ್ಟಿಹಾಕುವುದಿಲ್ಲ. ಆದರೆ ರೇಟು ಕಾಲಕಾಲಕ್ಕೆ ತಾನಾಗಿ ಏರುವ ವ್ಯವಸ್ಥೆ ಸಾಧ್ಯ ಅಂತ ತೋರಿಸಲು ಒಳ್ಳೆಯ ಉದಾಹರಣೆ.

ಪೆಟ್ರೋಲ್ ರೇಟ್ ಏರಿದಾಗ ಏನಾಗುತ್ತದೆ ನೋಡಿ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿದಾಗ ಕರ್ನಾಟಕದಲ್ಲಿ ಪೆಟ್ರೋಲ್ ಲೀಟರಿಗೆ ಸುಮಾರು 3 ರೂಪಾಯಿ ಜಾಸ್ತಿಯಾಯಿತು. 45 ಕೊಡುವ ಬೈಕಿನಲ್ಲಿ ತಿಂಗಳಿಗೆ 1,500 ಕಿಲೋಮೀಟರ್ ಓಡಿಸುವವರಿಗೆ ಅದು ತಿಂಗಳಿಗೆ 100 ರೂಪಾಯಿ ಹೆಚ್ಚುವರಿ ಹೊರೆ. ಹೀಗಾಗಿ ಎಚ್‌ಆರ್ ಜೊತೆ ಮಾತಾಡುವಾಗ "ರೇಟ್ ಜಾಸ್ತಿ ಮಾಡಿ ಸರ್" ಅಂತ ಕೇಳುವುದಕ್ಕಿಂತ, ಮೇಲಿನ ಲೆಕ್ಕದ ಹಾಳೆಯನ್ನೇ ಮುಂದಿಡಿ. ನಾಲ್ಕೈದು ಜನ ಸಹೋದ್ಯೋಗಿಗಳು ತಮ್ಮ ತಮ್ಮ ಗಾಡಿಯ ಲೆಕ್ಕ ಹಾಕಿ ಒಟ್ಟಿಗೆ ಕೊಟ್ಟರೆ ಇನ್ನೂ ಒಳ್ಳೆಯದು. ಅಂಕಿ ಇದ್ದರೆ ಅಕೌಂಟ್ಸ್‌ನವರೂ ನಿಮ್ಮ ಪರವಾಗಿ ಒಂದು ಮಾತು ಆಡಬಹುದು.

ಎಲೆಕ್ಟ್ರಿಕ್ ಸ್ಕೂಟರ್ ಇರುವವರಿಗೆ ಈಗ ಹೊಸ ತಲೆನೋವು ಶುರುವಾಗಿದೆ. "ನಿಮಗೆ ಪೆಟ್ರೋಲೇ ಬೇಡ, ರೇಟ್ ಅರ್ಧ ಸಾಕು" ಅನ್ನುವ ಮಾತು ಕೇಳಿಬರುತ್ತದೆ. ಚಾರ್ಜಿಂಗ್ ಖರ್ಚು ಕಡಿಮೆ ಅನ್ನುವುದು ನಿಜ. 100 ಕಿಲೋಮೀಟರಿಗೆ 3 ಯೂನಿಟ್, ಯೂನಿಟ್‌ಗೆ 7 ರೂಪಾಯಿ ಅಂದರೂ ಕಿಲೋಮೀಟರಿಗೆ 21 ಪೈಸೆ ಅಷ್ಟೇ. ಆದರೆ ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದ್ದು. ಓಡಿದಷ್ಟೂ ಅದು ಸವೆಯುತ್ತದೆ, ವಾರಂಟಿಗೂ ಕಿಲೋಮೀಟರ್ ಮಿತಿ ಇರುತ್ತದೆ. ಹಾಗಾಗಿ ಸವಕಳಿಯ ಸಾಲಿನಲ್ಲಿ ಬ್ಯಾಟರಿ ಬದಲಿಸುವ ಖರ್ಚನ್ನೂ ಬರೆದು ಲೆಕ್ಕ ತೋರಿಸಿ. ಆಮೇಲೆ ರೇಟು ಮಾತಾಡಿ.

ಮೂರನೇ ಹೆಜ್ಜೆ: ಯಾವ ಓಡಾಟ ಲೆಕ್ಕಕ್ಕೆ, ಯಾವುದು ಅಲ್ಲ

ಮನೆಯಿಂದ ಆಫೀಸಿಗೆ, ಆಫೀಸಿನಿಂದ ಮನೆಗೆ ಹೋಗುವುದು ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ. ಆಫೀಸಿನಿಂದ ಗ್ರಾಹಕರ ಬಳಿಗೆ, ಅಲ್ಲಿಂದ ಇನ್ನೊಬ್ಬರ ಬಳಿಗೆ, ಬ್ಯಾಂಕಿಗೆ, ಗೋಡೌನ್‌ಗೆ, ಮೀಟಿಂಗ್‌ಗೆ ಹೋದದ್ದೆಲ್ಲ ಬರುತ್ತದೆ.

ತಕರಾರು ಬರುವುದು ಮನೆಯಿಂದ ನೇರವಾಗಿ ಫೀಲ್ಡಿಗೆ ಹೋಗುವವರಿಗೆ. ಆಫೀಸೇ ಇಲ್ಲದ ರೆಪ್‌ಗಳಿಗೆ ಮೊದಲ ಕಾಲ್ (ಭೇಟಿ) ಎಲ್ಲಿಂದ ಶುರು? ಕೆಲವು ಕಂಪನಿಗಳು ಮನೆಯಿಂದಲೇ ಎಣಿಸುತ್ತವೆ. ಕೆಲವು ಮೊದಲ ಅಂಗಡಿ ಅಥವಾ ಮೊದಲ ಡಾಕ್ಟರ್ ಹತ್ತಿರದಿಂದ ಎಣಿಸುತ್ತವೆ. ಇನ್ನು ಕೆಲವು ಮೊದಲ ಇಷ್ಟು ಕಿಲೋಮೀಟರ್ ಕಳೆದು ಉಳಿದದ್ದಕ್ಕೆ ಕೊಡುತ್ತವೆ. ಯಾವುದಾದರೂ ಆಗಲಿ, ಎಲ್ಲರಿಗೂ ಒಂದೇ ನಿಯಮ ಇದ್ದು ಅದು ಬರವಣಿಗೆಯಲ್ಲಿ ಇರಬೇಕು.

ಔಷಧ ಕಂಪನಿಗಳಲ್ಲಿ ಎಚ್‌ಕ್ಯೂ, ಎಕ್ಸ್-ಸ್ಟೇಷನ್, ಔಟ್‌ಸ್ಟೇಷನ್ ಅಂತ ಮೂರು ಭಾಗ ಮಾಡಿರುತ್ತಾರೆ. ಎಚ್‌ಕ್ಯೂ ಅಂದರೆ ನಿಮ್ಮ ಊರು. ಎಕ್ಸ್-ಸ್ಟೇಷನ್ ಅಂದರೆ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವ ಊರು. ಔಟ್‌ಸ್ಟೇಷನ್ ಅಂದರೆ ರಾತ್ರಿ ಉಳಿಯಬೇಕಾದ ಊರು. ಡಿಎ, ಅಂದರೆ ದಿನಭತ್ಯೆಯ ಮೊತ್ತ ಇದರ ಮೇಲೆ ನಿಲ್ಲುತ್ತದೆ, ಕಿಲೋಮೀಟರ್ ದುಡ್ಡು ಎಸ್‌ಎಫ್‌ಸಿ ಮೇಲೆ ನಿಲ್ಲುತ್ತದೆ. ಇವೆರಡನ್ನೂ ಬೇರೆ ಬೇರೆಯಾಗಿಯೇ ನೋಡಿ. ಡಿಎ ಕೊಟ್ಟಿದ್ದೇವಲ್ಲ, ಪೆಟ್ರೋಲ್ ಅದರಲ್ಲೇ ಆಗಲಿ ಅಂದರೆ ಒಪ್ಪಬೇಡಿ. ಡಿಎ ಊಟ, ತಿಂಡಿ, ತಂಗುವ ಖರ್ಚಿಗೆ.

ಎಸ್‌ಎಫ್‌ಸಿಯಲ್ಲಿ ದುಡ್ಡು ಸೋರುವುದು ಸುತ್ತು ರೂಟ್‌ಗಳಲ್ಲಿ. ಹಾಸನ ಎಚ್‌ಕ್ಯೂ ಇರುವ ಒಬ್ಬ ರೆಪ್ ಬೆಳಿಗ್ಗೆ ಬೇಲೂರಿಗೆ ಹೋಗಿ, ಅಲ್ಲಿಂದ ಸಕಲೇಶಪುರ ಮುಗಿಸಿ, ಸಂಜೆ ಹಾಸನಕ್ಕೆ ಬಂದರು ಅಂದುಕೊಳ್ಳಿ. ಹಾಸನದಿಂದ ಎರಡೂ ಊರು ಸುಮಾರು 40 ಕಿಲೋಮೀಟರ್ ದೂರ. ಪಟ್ಟಿಯಲ್ಲಿ ಹಾಸನ-ಬೇಲೂರು ಇದೆ, ಹಾಸನ-ಸಕಲೇಶಪುರ ಇದೆ. ಬೇಲೂರು-ಸಕಲೇಶಪುರ ಇಲ್ಲ. ದೂರದ ಒಂದು ಊರಿಗೆ ಹೋಗಿಬಂದಷ್ಟೇ ಲೆಕ್ಕ ಅಂತ 80 ಕಿಲೋಮೀಟರಿಗೆ ಬಿಲ್ ಪಾಸ್ ಆಗುತ್ತದೆ. ಗಾಡಿ ಓಡಿದ್ದು 110ರ ಮೇಲೆ. ಇದಕ್ಕೆ ಪ್ರತಿ ತಿಂಗಳು ಜಗಳ ಆಡುವುದಕ್ಕಿಂತ, ನಡುವಿನ ದಾರಿಯನ್ನೂ ಪಟ್ಟಿಗೆ ಸೇರಿಸಿ ಅಂತ ಒಂದೇ ಸಲ ಅರ್ಜಿ ಹಾಕಿ ಸರಿಮಾಡಿಸಿಕೊಳ್ಳಿ. ನಿಮ್ಮ ಟೂರ್ ಪ್ಲಾನ್ ತೆಗೆದು, ಯಾವ ಯಾವ ಊರಿನ ನಡುವೆ ನೇರವಾಗಿ ಓಡುತ್ತೀರಿ ಅಂತ ಗುರುತು ಮಾಡಿದರೆ ಪಟ್ಟಿಯಲ್ಲಿ ಏನಿಲ್ಲ ಅನ್ನುವುದು ಕಣ್ಣಿಗೆ ಬೀಳುತ್ತದೆ.

ಒಂದೇ ಗಾಡಿಯಲ್ಲಿ ಇಬ್ಬರು ಹೋದರೆ ಗಾಡಿಯವರು ಮಾತ್ರ ಕಿಲೋಮೀಟರ್ ಹಾಕಬೇಕು. ಹಿಂದೆ ಕೂತು ಬಂದ ಮ್ಯಾನೇಜರ್ ಕೂಡ ಅದೇ ದೂರಕ್ಕೆ ಬಿಲ್ ಹಾಕಿದರೆ, ಸಿಕ್ಕಿಬೀಳುವುದು ಇಬ್ಬರೂ.

ನಾಲ್ಕನೇ ಹೆಜ್ಜೆ: ಅಂದಂದೇ ಬರೆದಿಡಿ

ಒಂದು ಸಣ್ಣ ಪುಸ್ತಕ ಸಾಕು. ಫೋನಿನಲ್ಲಿ ಎಕ್ಸೆಲ್ ಶೀಟ್ ಆದರೂ ಸರಿ. ದಿನಾಂಕ, ಹೊರಟ ಜಾಗ, ಹೋದ ಜಾಗಗಳು, ಯಾಕೆ ಹೋದದ್ದು, ಶುರುವಿನ ಮೀಟರ್, ಕೊನೆಯ ಮೀಟರ್, ಅದರಲ್ಲಿ ಸ್ವಂತ ಕೆಲಸಕ್ಕೆ ಓಡಿದ್ದು, ಟೋಲ್ ಅಥವಾ ಪಾರ್ಕಿಂಗ್. ಕೊನೆಗೆ ಷರಾ ಬರೆಯಲು ಒಂದು ಕಾಲಂ.

ಬೆಳಿಗ್ಗೆ ಹೊರಡುವ ಮುಂಚೆ ಮೀಟರಿನ ಒಂದು ಫೋಟೋ, ಸಂಜೆ ಬಂದ ಮೇಲೆ ಒಂದು. ಫೋಟೋದಲ್ಲಿ ದಿನ, ಹೊತ್ತು ತಾನಾಗಿ ಉಳಿಯುತ್ತದೆ. ಇಷ್ಟು ಮಾಡಿದರೆ ಮುಕ್ಕಾಲು ತಕರಾರು ಬರುವುದೇ ಇಲ್ಲ. ಹಳೇ ಗಾಡಿಯ ಮೀಟರ್ ಕೆಟ್ಟಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಕೆಟ್ಟ ಮೀಟರ್ ಇಟ್ಟುಕೊಂಡು ಅಂದಾಜಿನಲ್ಲಿ ಬರೆದ ಬಿಲ್‌ಗೆ ಬೆಲೆ ಇಲ್ಲ.

ಷರಾ ಕಾಲಂ ಅನ್ನು ಖಾಲಿ ಬಿಡಬೇಡಿ. ಗೂಗಲ್ ಮ್ಯಾಪ್ ತೋರಿಸುವ ದೂರಕ್ಕೂ ನೀವು ಬರೆದ ದೂರಕ್ಕೂ ವ್ಯತ್ಯಾಸ ಬಂದಾಗ ಅಕೌಂಟ್ಸ್‌ನವರು ಮೊದಲು ನೋಡುವುದು ಇದನ್ನೇ. ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆದರೆ, ಹಾಸನದ ಕಡೆಯವರು ಮಂಗಳೂರಿಗೆ ಚಾರ್ಮಾಡಿ ಸುತ್ತಿ ಹೋಗಬೇಕಾಗುತ್ತದೆ. ಮೀಟರಿನಲ್ಲಿ ದೂರ ಏರುತ್ತದೆ. ಬಿಲ್ ನೋಡುವ ಮನುಷ್ಯ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಕೂತಿರುತ್ತಾನೆ, ಅವನಿಗೆ ಶಿರಾಡಿ ಗೊತ್ತಿಲ್ಲ. "ಶಿರಾಡಿ ಬಂದ್, ಚಾರ್ಮಾಡಿ ಮೂಲಕ" ಅಂತ ನಾಲ್ಕು ಪದ ಬರೆದು, ಅಂದಿನ ಪೇಪರಿನ ಸುದ್ದಿಯ ಒಂದು ಫೋಟೋ ಸೇರಿಸಿ.

ಮ್ಯಾಪಿನಲ್ಲಿ ಇನ್ನೊಂದು ಎಡವಟ್ಟು ಇದೆ. ಬೈಕಿನವರ ದೂರವನ್ನು ಕಾರಿನ ದಾರಿ ಹಾಕಿ ನೋಡಿದರೆ ತಪ್ಪು ಬರಬಹುದು. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೆ ಪ್ರವೇಶ ಇಲ್ಲ. ಬೈಕಿನವರು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಹಾಗಾಗಿ ಮ್ಯಾಪಿನಲ್ಲಿ ಬೈಕಿನ ಗುರುತು ಒತ್ತಿ ನೋಡಿ, ಆ ಸ್ಕ್ರೀನ್‌ಶಾಟನ್ನೇ ಇಟ್ಟುಕೊಳ್ಳಿ.

ಈಗ ಬಹಳ ಕಂಪನಿಗಳು ಆ್ಯಪ್ ಕೊಡುತ್ತವೆ. ಬೆಳಿಗ್ಗೆ ಪಂಚ್ ಇನ್, ಸಂಜೆ ಪಂಚ್ ಔಟ್, ನಡುವೆ ಓಡಿದ್ದೆಲ್ಲ ಜಿಪಿಎಸ್ ಎಣಿಸುತ್ತದೆ. ಒಳ್ಳೆಯದೇ. ಆದರೆ ಫೋನಿನ ಬ್ಯಾಟರಿ ಸೇವರ್ ಆ್ಯಪನ್ನು ಹಿಂದಿನಿಂದ ಬಂದ್ ಮಾಡಿಬಿಟ್ಟರೆ ಹತ್ತಿಪ್ಪತ್ತು ಕಿಲೋಮೀಟರ್ ಮಾಯ. ಸೆಟ್ಟಿಂಗ್ಸ್‌ಗೆ ಹೋಗಿ ಆ ಆ್ಯಪಿಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ, ಲೊಕೇಶನ್ ಅನುಮತಿಯನ್ನು "ಯಾವಾಗಲೂ" ಅಂತ ಕೊಡಿ, ಗಾಡಿಗೆ ಒಂದು ಚಾರ್ಜರ್ ಹಾಕಿಸಿ. ಮಲೆನಾಡಿನ ಕಡೆ ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ನಡೆಯುತ್ತದೆ, ಆದರೆ ಡೇಟಾ ನೆಟ್‌ವರ್ಕ್ ಸಿಕ್ಕ ಮೇಲೆ ಹೋಗಬೇಕು. ಸಂಜೆ ಪಂಚ್ ಔಟ್ ಮಾಡುವ ಮುಂಚೆ ಆ್ಯಪಿನ ಕಿಲೋಮೀಟರನ್ನು ಮೀಟರ್ ಫೋಟೋ ಜೊತೆ ಹೋಲಿಸಿ. ದೊಡ್ಡ ವ್ಯತ್ಯಾಸ ಇದ್ದರೆ ಅಂದೇ ಮ್ಯಾನೇಜರ್‌ಗೆ ವಾಟ್ಸ್ಆ್ಯಪ್ ಮಾಡಿ. ಇಪ್ಪತ್ತು ದಿನ ಕಳೆದ ಮೇಲೆ ಹೇಳಿದರೆ ನಂಬುವವರಿಲ್ಲ. ಡ್ಯೂಟಿ ಮುಗಿದ ಮೇಲೆ ಪಂಚ್ ಔಟ್ ಮಾಡುವುದನ್ನೂ ಮರೆಯಬೇಡಿ. ನೀವು ರಾತ್ರಿ ಎಲ್ಲಿದ್ದೀರಿ ಅನ್ನುವುದು ಕಂಪನಿಗೆ ಬೇಕಾಗಿಲ್ಲ.

ಐದನೇ ಹೆಜ್ಜೆ: ಟೋಲ್, ಪಾರ್ಕಿಂಗ್ ಬೇರೆ ಹಾಕಿ

ರಾಷ್ಟ್ರೀಯ ಹೆದ್ದಾರಿಯಲ್ಲಿ ಬೈಕಿಗೆ ಟೋಲ್ ಇಲ್ಲ. ಕಾರಿನವರು ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ಇಳಿಸಿಕೊಂಡು, ಕಂಪನಿ ಕೆಲಸದ ದಿನಗಳಿಗೆ ಗುರುತು ಹಾಕಿ ಬಿಲ್ ಜೊತೆ ಸೇರಿಸಿದರೆ ಆಯಿತು.

ವಾರ್ಷಿಕ ಪಾಸ್ ತೆಗೆದುಕೊಂಡವರು ಸ್ವಲ್ಪ ಗಮನಿಸಬೇಕು. 2025ರ ಆಗಸ್ಟ್ 15ರಿಂದ ಖಾಸಗಿ ಕಾರುಗಳಿಗೆ 3,000 ರೂಪಾಯಿಗೆ ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುವ ಪಾಸ್ ಬಂತು. ಪಾಸ್ ಇದ್ದಾಗ ಪ್ಲಾಜಾ ದಾಟಿದರೆ ದುಡ್ಡು ಕಡಿತ ಆಗುವುದಿಲ್ಲ. ಹಾಗಾಗಿ ಬಿಲ್‌ಗೆ ಹಾಕಲು ರಸೀದಿಯೂ ಇರುವುದಿಲ್ಲ. ಆ 3,000ದ ಲೆಕ್ಕದಲ್ಲಿ ಒಂದು ಟ್ರಿಪ್‌ಗೆ 15 ರೂಪಾಯಿ ಬೀಳುತ್ತಿತ್ತು. ಕಂಪನಿ ಕೆಲಸಕ್ಕೆ ದಾಟಿದ ಪ್ರತಿ ಪ್ಲಾಜಾಕ್ಕೆ ಈ ಲೆಕ್ಕದಂತೆ ದುಡ್ಡು ಕೊಡಿ ಅಂತಲೋ, ಪಾಸಿನ ದುಡ್ಡನ್ನೇ ಕಂಪನಿ ಕೊಡಲಿ ಅಂತಲೋ ಮೊದಲೇ ಮಾತಾಡಿಕೊಳ್ಳಿ. ಪಾಸ್ ರಾಷ್ಟ್ರೀಯ ಹೆದ್ದಾರಿ, ಎಕ್ಸ್‌ಪ್ರೆಸ್‌ವೇಗಳ ಪ್ಲಾಜಾಗಳಿಗೆ ಮಾತ್ರ. ಬೆಂಗಳೂರಿನ ನೈಸ್ ರಸ್ತೆಯಂಥ ಕಡೆ ಎಂದಿನಂತೆ ದುಡ್ಡು ಕಟ್ಟಬೇಕು, ಅದರ ರಸೀದಿ ಇಟ್ಟುಕೊಳ್ಳಬೇಕು.

ಟ್ರಾಫಿಕ್ ದಂಡವನ್ನು ಯಾವ ಕಂಪನಿಯೂ ಕೊಡುವುದಿಲ್ಲ. ಕೇಳುವುದೂ ಸರಿಯಲ್ಲ.

ಆರನೇ ಹೆಜ್ಜೆ: ಬಿಲ್ ವಾಪಸ್ ಬರದ ಹಾಗೆ ಬರೆಯಿರಿ

ಬಿಲ್ ನೋಡುವವರ ಕಡೆಯಿಂದ ಹೇಳುತ್ತೇನೆ. ದಿನ ದಿನವೂ 60, 80, 100 ಅಂತ ದುಂಡು ಅಂಕಿ ಕಂಡರೆ ಅನುಮಾನ ಬರುತ್ತದೆ. ನಿಜವಾದ ಓಟ 63, 87, 104 ಅಂತ ಇರುತ್ತದೆ. ರಜೆ ಹಾಕಿದ ದಿನಕ್ಕೆ ಕಿಲೋಮೀಟರ್ ಬರೆದಿದ್ದರೆ ಪೂರ್ತಿ ಬಿಲ್ ಪಕ್ಕಕ್ಕೆ ಇಡುತ್ತೇವೆ. ಡಿಸಿಆರ್‌ನಲ್ಲಿ (ದಿನದ ಭೇಟಿಗಳ ವರದಿ) ಒಂದು ಊರು, ಟಿಎ ಬಿಲ್‌ನಲ್ಲಿ ಇನ್ನೊಂದು ಊರು ಇದ್ದರೂ ಹಾಗೆಯೇ. ಹಾಗಾಗಿ ಬಿಲ್ ಕಳಿಸುವ ಮುಂಚೆ ಹಾಜರಾತಿ, ಡಿಸಿಆರ್, ಬಿಲ್ ಮೂರನ್ನೂ ಪಕ್ಕಪಕ್ಕ ಇಟ್ಟು ಒಮ್ಮೆ ಕಣ್ಣಾಡಿಸಿ.

ಟೂರ್ ಪ್ಲಾನ್‌ನಲ್ಲಿ ಇಲ್ಲದ ಊರಿಗೆ ಮ್ಯಾನೇಜರ್ ಹೇಳಿದ್ದಕ್ಕೆ ಹೋಗಿದ್ದರೆ, ಆ ಮೆಸೇಜಿನ ಸ್ಕ್ರೀನ್‌ಶಾಟ್ ಸೇರಿಸಿ. ಫೋನಿನಲ್ಲಿ ಹೇಳಿದ್ದರೆ, "ಸರ್, ನೀವು ಹೇಳಿದಂತೆ ಇವತ್ತು ಅರಸೀಕೆರೆಗೆ ಹೋಗುತ್ತಿದ್ದೇನೆ" ಅಂತ ನೀವೇ ಒಂದು ಮೆಸೇಜ್ ಹಾಕಿ ಹೊರಡಿ.

ಪೆಟ್ರೋಲ್ ಬಂಕಿನ ಥರ್ಮಲ್ ರಸೀದಿಯ ಅಕ್ಷರ ಕೆಲವು ತಿಂಗಳಿಗೆ ಅಳಿಸಿಹೋಗುತ್ತದೆ. ಅಂದೇ ಫೋಟೋ ತೆಗೆಯಿರಿ. ಯುಪಿಐಯಲ್ಲಿ ಕೊಟ್ಟರೆ ಇನ್ನೊಂದು ಸಾಕ್ಷಿ ಸಿಗುತ್ತದೆ.

ಕೊನೇ ದಿನಕ್ಕೆ ಕಾಯಬೇಡಿ. ಕೇಂದ್ರ ಸರ್ಕಾರಿ ನೌಕರರಿಗೂ ಟೂರ್ ಬಿಲ್ ಕೊಡಲು ಮೊದಲು ಒಂದು ವರ್ಷ ಇದ್ದದ್ದನ್ನು 2018ರಲ್ಲಿ 60 ದಿನಕ್ಕೆ ಇಳಿಸಿದರು. ಖಾಸಗಿ ಕಂಪನಿಗಳಲ್ಲಿ ಗಡುವು ಇದಕ್ಕಿಂತ ಬಹಳ ಕಡಿಮೆ. ಮುಂದಿನ ತಿಂಗಳ 5ನೇ ತಾರೀಕು ದಾಟಿದರೆ ಬಿಲ್ ತೆಗೆದುಕೊಳ್ಳದ ಕಡೆಯೂ ಇವೆ.

ಕಿಲೋಮೀಟರ್ ಏರಿಸಿ ಬರೆಯುವ ವಿಷಯವನ್ನೂ ಹೇಳಲೇಬೇಕು. ರೇಟು ಕಡಿಮೆ ಇದೆ, ಅದಕ್ಕೆ ದೂರ ಜಾಸ್ತಿ ಬರೆದು ಸರಿದೂಗಿಸುತ್ತೇನೆ ಅಂತ ಬಹಳ ಜನ ಮಾಡುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಸುಳ್ಳು ಬಿಲ್ ಅಂತ ಕೆಲಸದಿಂದ ತೆಗೆಯಲು ಕಂಪನಿಗೆ ನೀವೇ ಕಾರಣ ಬರೆದುಕೊಟ್ಟಂತೆ ಆಗುತ್ತದೆ. ರೇಟು ಕಡಿಮೆ ಅನ್ನುವ ನಿಜವಾದ ವಾದವೂ ಅಲ್ಲಿಗೆ ಬಿದ್ದುಹೋಗುತ್ತದೆ. ಎಲ್ಲರ ಮೀಟರ್ ಸರಿಯಾಗಿದ್ದಾಗ ಮಾತ್ರ ರೇಟಿನ ಬಗ್ಗೆ ಗಟ್ಟಿಯಾಗಿ ಮಾತಾಡಬಹುದು.

ತೆರಿಗೆ ವಿಷಯ

ಕೆಲಸಕ್ಕಾಗಿ ನಿಜವಾಗಿ ಆದ ಓಡಾಟದ ಖರ್ಚನ್ನು ಕಂಪನಿ ತುಂಬಿಕೊಟ್ಟರೆ ಅದು ನಿಮ್ಮ ಆದಾಯ ಅಲ್ಲ, ತೆರಿಗೆ ಇಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 10(14) ಸೆಕ್ಷನ್ ಅಡಿ ಇದ್ದ ಈ ವಿನಾಯಿತಿ ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಸಿಗುತ್ತದೆ ಅಂತ 2020ರಲ್ಲೇ ಸ್ಪಷ್ಟ ಮಾಡಿದ್ದಾರೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಹಾಗಾಗಿ ಸೆಕ್ಷನ್ ನಂಬರ್‌ಗಳು ಬೇರೆ.

ಆದರೆ ಎರಡು ವಿಷಯ ಬೇರೆ ಮಾಡಿ ನೋಡಬೇಕು. ಮನೆಯಿಂದ ಆಫೀಸಿಗೆ ಹೋಗಿಬರಲು ಕೊಡುವ ಟ್ರಾನ್ಸ್‌ಪೋರ್ಟ್ ಅಲೊವೆನ್ಸ್‌ಗೆ ತಿಂಗಳಿಗೆ 1,600 ರೂಪಾಯಿವರೆಗೆ ಇದ್ದ ವಿನಾಯಿತಿಯನ್ನು 2018ರ ಬಜೆಟ್‌ನಲ್ಲಿ ತೆಗೆದು, ಆ ಜಾಗದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ತಂದರು. ಇನ್ನು ಯಾವ ದಾಖಲೆಯೂ ಇಲ್ಲದೆ ತಿಂಗಳಿಗೆ ಇಷ್ಟು ಅಂತ ಸಂಬಳದ ಜೊತೆ ಬರುವ ಮೊತ್ತವನ್ನು ಸಂಬಳ ಅಂತಲೇ ಹಿಡಿಯಬಹುದು. ಸ್ವಂತ ಕಾರಿನ ಖರ್ಚನ್ನು ಕಂಪನಿ ಕೊಡುವಾಗ ದಿನಾಂಕ, ಹೋದ ಜಾಗ, ಕಿಲೋಮೀಟರ್, ಖರ್ಚು ಬರೆದ ದಾಖಲೆ ಇರಬೇಕು ಅಂತ ಹಳೇ ನಿಯಮಗಳಲ್ಲೇ ಇತ್ತು. ನಾಲ್ಕನೇ ಹೆಜ್ಜೆಯಲ್ಲಿ ಹೇಳಿದ ಪುಸ್ತಕ ಇಲ್ಲೂ ಉಪಯೋಗಕ್ಕೆ ಬರುತ್ತದೆ. 2025-26ರಿಂದ ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 12 ಲಕ್ಷ 75 ಸಾವಿರದವರೆಗೆ ತೆರಿಗೆ ಬೀಳುವುದಿಲ್ಲ. ಹಾಗಾಗಿ ಫೀಲ್ಡಿನ ಬಹುಪಾಲು ಹುಡುಗರು ಈ ಭಾಗಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಇನ್ಶೂರೆನ್ಸ್: ದಯವಿಟ್ಟು ಇದನ್ನು ಇವತ್ತೇ ನೋಡಿ

ಗಾಡಿಯ ಪಾಲಿಸಿಯ ಜೊತೆ ಓನರ್-ಡ್ರೈವರ್‌ಗೆ 15 ಲಕ್ಷದ ಅಪಘಾತ ವಿಮೆ ಕಡ್ಡಾಯವಾಗಿ ಇರುತ್ತದೆ. ಹೆಸರೇ ಹೇಳುವಂತೆ ಅದು ಗಾಡಿ ಯಾರ ಹೆಸರಲ್ಲಿದೆಯೋ ಅವರಿಗೆ. ಅಪ್ಪನ ಹೆಸರಿನ ಬೈಕನ್ನು ಮಗ ಕಂಪನಿ ಕೆಲಸಕ್ಕೆ ದಿನಾ ಓಡಿಸುತ್ತಿದ್ದರೆ ಆ 15 ಲಕ್ಷ ಮಗನಿಗೆ ಸಿಗುವುದಿಲ್ಲ. ನಮ್ಮ ಮನೆಗಳಲ್ಲಿ ಇದು ಎಷ್ಟು ಸಾಮಾನ್ಯ ಅಂತ ನಿಮಗೇ ಗೊತ್ತು. ಒಂದೋ ಗಾಡಿಯನ್ನು ನಿಮ್ಮ ಹೆಸರಿಗೆ ಮಾಡಿಸಿ, ಇಲ್ಲವೇ ನಿಮ್ಮ ಹೆಸರಲ್ಲಿ ಬೇರೆ ಅಪಘಾತ ವಿಮೆ ತೆಗೆದುಕೊಳ್ಳಿ. ಕಂಪನಿಯ ಗುಂಪು ಅಪಘಾತ ವಿಮೆ ಇದೆಯಾ, ಅದರಲ್ಲಿ ನಿಮ್ಮ ಹೆಸರು ಸೇರಿದೆಯಾ ಅಂತ ಎಚ್‌ಆರ್ ಹತ್ತಿರ ಕೇಳಿ, ಕಾರ್ಡ್ ಅಥವಾ ಪಾಲಿಸಿ ನಂಬರನ್ನು ಮನೆಯವರಿಗೂ ಕೊಟ್ಟಿಡಿ. ಕೆಲಸದ ಮೇಲೆ ಇದ್ದಾಗ ರಸ್ತೆಯಲ್ಲಿ ಅಪಘಾತ ಆದರೆ ಕಾನೂನಿನಂತೆ ಪರಿಹಾರ ಕೇಳಬಹುದು. ಅಲ್ಲೂ ಮೊದಲು ಕೇಳುವುದು, ಅಂದು ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದಕ್ಕೆ ದಾಖಲೆ ಏನಿದೆ ಅಂತ. ಅಂದಿನ ಪಂಚ್ ಇನ್, ಬೆಳಗಿನ ಮೀಟರ್ ಫೋಟೋ ಆಗ ಬರೀ ಬಿಲ್‌ನ ವಿಷಯ ಆಗಿ ಉಳಿಯುವುದಿಲ್ಲ.

ದುಡ್ಡು ತಡವಾದರೆ, ಕಡಿತ ಮಾಡಿದರೆ, ಕೆಲಸ ಬಿಟ್ಟರೆ

ಬಿಲ್ ಕಡಿತ ಆದರೆ ಯಾವ ದಿನದ್ದು, ಎಷ್ಟು, ಯಾಕೆ ಅಂತ ಬರವಣಿಗೆಯಲ್ಲಿ ಕೇಳಿ. ಸುಮ್ನೆ ಒಟ್ಟು ಮೊತ್ತದಲ್ಲಿ ಶೇಕಡಾ 10 ಕಡಿದೆವು ಅನ್ನುವುದು ಉತ್ತರ ಅಲ್ಲ. ಮೊದಲು ಏರಿಯಾ ಮ್ಯಾನೇಜರ್, ಆಮೇಲೆ ಅಕೌಂಟ್ಸ್ ಮತ್ತು ಎಚ್‌ಆರ್. ಮಾತು ಮರ್ಯಾದೆಯಿಂದ ಇರಲಿ, ಆದರೆ ಮೇಲ್‌ನಲ್ಲಿ ಇರಲಿ.

ತಿಂಗಳುಗಟ್ಟಲೆ ಬಾಕಿ ಉಳಿಸಿಕೊಂಡರೆ, ಮೆಡಿಕಲ್ ರೆಪ್‌ಗಳಂಥ ಸೇಲ್ಸ್ ಪ್ರಮೋಷನ್ ನೌಕರರಿಗೆ ಕಾನೂನಿನ ಆಸರೆ ಇದೆ. ಅವರಿಗಾಗಿಯೇ 1976ರಲ್ಲಿ ಒಂದು ಕಾಯ್ದೆ ಬಂದಿತ್ತು, ಸೇರುವಾಗ ನೇಮಕಾತಿ ಪತ್ರ ಕೊಡಲೇಬೇಕು ಅಂತ ಅದು ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಆ ಕಾಯ್ದೆ ಸೇರಿಹೋಗಿದೆ. ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಕಾರ್ಮಿಕ ಅನ್ನುವ ಮಾತಿನೊಳಗೆ ಸೇಲ್ಸ್ ಪ್ರಮೋಷನ್ ನೌಕರರೂ ಬರುತ್ತಾರೆ. ಜಿಲ್ಲಾ ಕಾರ್ಮಿಕ ಅಧಿಕಾರಿ ಕಚೇರಿಗೆ ಹೋಗಿ ದೂರು ಕೊಡಬಹುದು. ನಿಮ್ಮ ಊರಿನಲ್ಲಿ ರೆಪ್‌ಗಳ ಯೂನಿಯನ್ ಇದ್ದರೆ ಮೊದಲು ಅವರನ್ನು ಕಾಣಿ, ಯಾವ ಕಾಗದ ಬೇಕು ಅಂತ ಅವರಿಗೆ ಗೊತ್ತಿರುತ್ತದೆ.

ಕೆಲಸ ಬಿಡುವವರು ಒಂದು ವಿಷಯ ನೆನಪಿಡಿ. ಕೆಲಸ ಬಿಟ್ಟ ಎರಡು ಕೆಲಸದ ದಿನಗಳೊಳಗೆ ಬಾಕಿ ವೇತನ ಕೊಡಬೇಕು ಅಂತ ವೇತನ ಸಂಹಿತೆ ಹೇಳುತ್ತದೆ. ಆದರೆ ಆ ಸಂಹಿತೆ ವೇತನ ಅನ್ನುವಾಗ, ಕೆಲಸದ ಸ್ವರೂಪದಿಂದ ಆಗುವ ವಿಶೇಷ ಖರ್ಚನ್ನು ತುಂಬಿಕೊಡುವ ಮೊತ್ತವನ್ನು ಅದರಿಂದ ಹೊರಗಿಟ್ಟಿದೆ. ಅಂದರೆ ಟಿಎ ಬಾಕಿ ಆ ಎರಡು ದಿನದ ಮಾತಿಗೆ ತಾನಾಗಿ ಸೇರಿಕೊಳ್ಳುತ್ತದೆ ಅಂತ ನಂಬಿ ಕೂರಬಾರದು. ರಾಜೀನಾಮೆ ಕೊಡುವ ಮುಂಚೆ ಹಳೇ ಬಿಲ್‌ಗಳೆಲ್ಲ ಪಾಸ್ ಆಗಿವೆಯಾ ನೋಡಿಕೊಳ್ಳಿ. ನೋಟಿಸ್ ಅವಧಿಯಲ್ಲಿ ವಾರ ವಾರಕ್ಕೆ ಬಿಲ್ ಕೊಡಿ. ಕಂಪನಿಯ ಮೇಲ್ ಮತ್ತು ಆ್ಯಪ್ ಕೊನೇ ದಿನ ಬಂದ್ ಆಗುತ್ತವೆ, ಹಾಗಾಗಿ ಬಾಕಿ ಇರುವ ಬಿಲ್‌ಗಳು ಮತ್ತು ಅವು ಪಾಸ್ ಆದ ಮೇಲ್‌ಗಳ ಪ್ರತಿ ಅದಕ್ಕೆ ಮುಂಚೆಯೇ ನಿಮ್ಮ ಕೈಯಲ್ಲಿರಲಿ. ಫುಲ್ ಅಂಡ್ ಫೈನಲ್, ಅಂದರೆ ಕೊನೆಯ ಲೆಕ್ಕ ಚುಕ್ತಾದ ಕಾಗದಕ್ಕೆ ಸಹಿ ಹಾಕುವಾಗ, ಟಿಎ ಬಾಕಿ ಇಷ್ಟು ಅಂತ ಅದರಲ್ಲಿ ಬೇರೆ ಸಾಲಿನಲ್ಲಿ ಬರೆದಿದೆಯಾ ಅಂತ ನೋಡಿಯೇ ಸಹಿ ಹಾಕಿ.